ಸೆರಗು ಸಿಕ್ಕಿಸಿ

ಹದಿನೇಳು ವರ್ಷ ಹೊಲಿದಿದ್ದೇನೆ ಹಾಸನದ ಕಿಟಕಿಗಳಿಗೆ ಪರದೆ.
ರಾಡು ಕೂರಿಸುವ ಹುಡುಗ ಮಾತ್ರ
ಇವತ್ತು, ನಾಳೆ, ನಾಡಿದ್ದು.
ಫೋನೆತ್ತಿದರೆ, "ಅಕ್ಕಾ, ದಾರೀಲಿದೀನಿ."
ಯಾವ ದಾರಿಯೋ, ಸಾಲಗಾಮೆ ರಸ್ತೆಯಂತೂ ಅಲ್ಲ.

ಚೀಟಿ ದುಡ್ಡು ಎಣಿಸಿಕೊಟ್ಟು
ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದಿನ ಅಂಗಡಿಯಿಂದ ತಂದೆ
ವೈರಿಲ್ಲದ ಡ್ರಿಲ್ಲು.
ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಕೂತರೆ
ಯಾರದೋ ಮಗು ಎತ್ತಿಕೊಂಡ ಹಾಗೆ,
ಅತ್ತೀತೇ ಎಂಬ ಭಯ.

ಕಲಿಸಿದ್ದು ಮೌನಾಚಾರ್ರು.
ಮೌನ ಹೆಸರಲ್ಲಿ ಮಾತ್ರ.
ಬಾಗಿಲ ಚೌಕಟ್ಟು ಕೆತ್ತಿ ಕೆತ್ತಿ ಎಪ್ಪತ್ತು ದಾಟಿದವರು
ಎರಡೂ ಅಂಗೈ ಬಿಡಿಸಿ ಮುಖದ ಮುಂದೆ ಹಿಡಿದರು:
"ಎಣಿಸು."
ಹತ್ತು.
"ಇದೇ ಕಣವ್ವ ನನ್ನ ಸರ್ಟಿಫಿಕೇಟು. ನಿಂದೂ ತೋರ್ಸು."
ತೋರಿಸಿದೆ. ಎಡಗೈ ತೋರುಬೆರಳಲ್ಲಿ
ಹೊಲಿಗೆ ಮಿಷಿನ್ನಿನ ಸೂಜಿ ಒಮ್ಮೆ ಈಚೆಯಿಂದಾಚೆ ಹೋದ ಗುರುತು.
ಅದನ್ನೇ ನೋಡುತ್ತಾ ಕೂತರು ಸ್ವಲ್ಪ ಹೊತ್ತು,
ಆಗ ಮಾತ್ರ ಹೆಸರಿಗೆ ತಕ್ಕ ಹಾಗೆ.

"ಇದು ಬೆರಳು ಬಿಟ್ಟ ಮೇಲೂ
ಒಂದು ಸುತ್ತು ಹೆಚ್ಚಿಗೆ ತಿರುಗಿಯೇ ನಿಲ್ಲೋದು.
ಆ ಒಂದು ಸುತ್ತಿಗೆ ಹೆದರು, ಸಾಕು.
ಬಿಟ್ಟು ಬದಲಾಯಿಸುವಾಗ ಬ್ಯಾಟರಿ ಕಳಚಿ ಪಕ್ಕಕ್ಕಿಡು.
ಗುಂಡಿ ನಡುವೆ ನಿಲ್ಲಲಿ, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ,
ನ್ಯಾಯಕ್ಕೆ ಕೂತ ಯಜಮಾನನ ಥರ.
ಹಲಗೆ ಕೈಯಲ್ಲಿ ಹಿಡೀಬೇಡ, ಕ್ಲಾಂಪು ಹಿಡೀಲಿ.
ಕೈಗವಸು ಬೇಡ: ನೂಲು ಸಿಕ್ಕರೆ ನೂಲಿನ ಹಿಂದೆ ಚರ್ಮ,
ಚರ್ಮದ ಹಿಂದೆ ನೀನು."
"ಬಳೆ?"
"ತೆಗೀ."
"ಸೆರಗು?"
"ಸುತ್ತಿ ಸೊಂಟಕ್ಕೆ ಸಿಕ್ಕಿಸು."

ಸೆರಗು ಜೋಪಾನ ಎಂದವರು ಬಹಳ ಮಂದಿ ಈ ಬದುಕಲ್ಲಿ,
ಎಲ್ಲ ಮಾನದ ಲೆಕ್ಕದಲ್ಲಿ.
ಬೆರಳಿನ ಲೆಕ್ಕದಲ್ಲಿ ಹೇಳಿದ್ದು ಇವರೊಬ್ಬರೇ.

ಮೊದಲ ಮನೆ, ಹೇಮಾವತಿ ನಗರ.
ಸ್ಟೂಲು ಹಿಡಿದಳು ಪಕ್ಕದಂಗಡಿಯ ರೆಬೆಕ್ಕಾ.
ಎಪ್ಪತ್ತು ರೂಪಾಯಿಯ ಪ್ಲಾಸ್ಟಿಕ್ ಕನ್ನಡಕ, ಬಿಗಿದ ಜಡೆ, ಬರಿ ಮುಂಗೈ.
ಆ ಮನೆಯ ಅತ್ತೆ ಕಾಫಿ ಲೋಟ ಹಿಡಿದೇ ನಿಂತರು:
"ಅಯ್ಯೋ, ಇದೇನಮ್ಮ ಯುದ್ಧಕ್ಕೆ ಹೊರಟ ಹಾಗೆ!"
ಪೆನ್ಸಿಲ್ ಗುರುತು ಹಾಕಿದೆ. ಬಿಟ್ಟಿನ ಮೂತಿ ತಾಗಿಸಿದೆ.
ಯಾಕೋ ಕೆಳಗೆ ನೋಡಿದೆ.
ಗುರುತಿನ ನೇರ ಕೆಳಗೆ ಸ್ವಿಚ್ ಬೋರ್ಡು.

"ವೈರು ಹಾವಲ್ಲವ್ವ, ವಾರೆ ಹರಿಯೋದು ಕಮ್ಮಿ,
ಬೋರ್ಡಿಂದ ನೆಟ್ಟಗೆ ಏರ್ತದೆ ಗೋಡೆಯೊಳಗೆ."

ಹಿಮ್ಮಡಿಯಿಂದ ತಣ್ಣಗೆ ಏನೋ ಏರಿತು, ಅದೂ ನೆಟ್ಟಗೆ.
ಇಳಿದೆ. ಮೇನ್ ಆಫ್ ಮಾಡಿಸಿದೆ. ಟೀವಿ ನಿಂತು ಅತ್ತೆಗೆ ಬೇಜಾರು.
ಒಂದು ಗೇಣು ಎಡಕ್ಕೆ ಸರಿದೆ.

ಮೊದಲ ಸಲ ನುಣುಪು ಪೇಂಟಿನ ಮೇಲೆ ಮೂತಿ ಜಾರಿ
ಬೇಡದ ಕಡೆ ಒಂದು ತೂತು.
ಎರಡನೆಯ ಸಲ ನಿಧಾನ, ಸೂಜಿಗೆ ದಾರ ಪೋಣಿಸುವಷ್ಟು ನಿಧಾನ.
ಒತ್ತಬೇಡ, ಒಪ್ಪಿಸು.
ಒಪ್ಪಿತು ಗೋಡೆ. ಬಿಳಿ ಪುಡಿ, ಬೂದು ಪುಡಿ,
ಆಮೇಲೆ ಇಟ್ಟಿಗೆಯ ಕೆಂಪು, ಬೆಳಗಿನ ಕುಂಕುಮದ ಹಾಗೆ
ಕನ್ನಡಕದ ಮೇಲೆ, ತುಟಿಯ ಮೇಲೆ.
ಹೊರಬಂದ ಬಿಟ್ಟು ಒಗ್ಗರಣೆ ಸೌಟಿನಷ್ಟು ಕಾದಿತ್ತು.
ಮುಟ್ಟಲು ಹೋದ ಕೈಯನ್ನು ರೆಬೆಕ್ಕಾ ಫಟ್ಟನೆ ಹೊಡೆದಳು,
ಸ್ಟೂಲು ಅಲುಗಿತು, ಅದಕ್ಕೆ ನಾನು ಅವಳನ್ನು ಬೈದೆ.

ಹಸಿರು ಪರದೆ ಚೆನ್ನಾಗಿ ಬಿದ್ದಿದೆ, ನೆರಿಗೆ ನೆರಿಗೆಯಾಗಿ.
ಅದರ ಹಿಂದೆ, ಬಲ ಮೂಲೆ,
ಆ ತಪ್ಪು ತೂತು ಇನ್ನೂ ಇದೆ
ಟೂತ್‌ಪೇಸ್ಟು ಮೆತ್ತಿಸಿಕೊಂಡು.
ಮನೆಯವರಿಗೆ ಗೊತ್ತಿಲ್ಲ.

ಆಚಾರ್ರಿಗೆ ಹೇಳಿದೆ ಸಂಜೆ.
"ಎಣಿಸಿದೆಯಾ?" ಅಂದರು.
"ತೂತನ್ನೇ?"
"ಬೆರಳನ್ನ."